ವಿದ್ಯುತ್ ಸೈಕಲ್‌ನ ಹ್ಯಾಂಡಲನ್ನು ಎತ್ತರಿಸಬಹುದೇ?
ಬೆನ್ನು, ಮಣಿಕಟ್ಟು ನೋಯುವವರು ವಿದ್ಯುತ್ ಸೈಕಲ್‌ನ ಹ್ಯಾಂಡಲನ್ನು ಖಂಡಿತ ಎತ್ತರಿಸಿಕೊಳ್ಳಬಹುದು. ವಿಧಾನ ಮಾತ್ರ ಸ್ಟೆಮ್‌ನ, ಅಂದರೆ ಹ್ಯಾಂಡಲನ್ನು ಫೋರ್ಕ್‌ಗೆ ಜೋಡಿಸುವ ಭಾಗದ, ಬಗೆಯನ್ನು ಅವಲಂಬಿಸಿದೆ (ಫೋರ್ಕ್ ಎಂದರೆ ಮುಂದಿನ ಚಕ್ರವನ್ನು ಹಿಡಿದಿರುವ ಕವಲು). ಫೋರ್ಕ್‌ನ ಕೊಳವೆಯೊಳಗೆ ಇಳಿಯುವ ಹಳೆಯ ಮಾದರಿಯ ಸ್ಟೆಮ್ ಆಗಿದ್ದರೆ, ಮೇಲಿನ ಬೋಲ್ಟ್ ಸಡಿಲಿಸಿ, ಸ್ಟೆಮ್‌ನ ಮೇಲೆ ಗುರುತಿಸಿರುವ ಮಿತಿಯ ಗೆರೆ ಹೊರಗೆ ಕಾಣದಷ್ಟು ಮಾತ್ರ ಮೇಲೆಳೆದು ಮತ್ತೆ ಬಿಗಿಯಬೇಕು. ಕೊಳವೆಯನ್ನು ಹೊರಗಿನಿಂದ ಹಿಡಿಯುವ ಈಗಿನ ಸ್ಟೆಮ್‌ನಲ್ಲಿ, ಮೇಲ್ಭಾಗದಲ್ಲಿರುವ ಸ್ಪೇಸರ್ ಉಂಗುರಗಳನ್ನು ಕೆಳಕ್ಕೆ ಹಾಕಬಹುದು. ಅವು ಇಲ್ಲವಾದರೆ, ಸಾಮಾನ್ಯವಾಗಿ 28.6 ಮಿ.ಮೀ. ವ್ಯಾಸದ ಆ ಕೊಳವೆಗೆ ಹೊಂದುವ ರೈಸರ್ (ಸ್ಟೆಮ್ ಅನ್ನು ಎತ್ತರಿಸುವ ಜೋಡಣೆ) ಅಥವಾ ಮೇಲಕ್ಕೆ ಬಾಗಿದ ಹ್ಯಾಂಡಲ್ ಬೇಕಾಗುತ್ತದೆ. ನಿಜವಾದ ತೊಡಕು ಇರುವುದು ತಂತಿಗಳಲ್ಲಿ. ಬ್ರೇಕ್ ಕೇಬಲ್‌ನ ಜೊತೆಗೆ ಡಿಸ್‌ಪ್ಲೇಯ ತಂತಿಯೂ, ಹಲವು ಸೈಕಲ್‌ಗಳಲ್ಲಿ ಬ್ರೇಕ್ ಹಿಡಿದಾಗ ಮೋಟಾರ್ ನಿಲ್ಲಿಸುವ ತಂತಿಯೂ ಇರುವುದರಿಂದ, ಹ್ಯಾಂಡಲನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ, ಯಾವುದೂ ಬಿಗಿಯಾಗುತ್ತಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಓಡಿಸಬೇಕು.