ಎಸಿಯಿಂದ ಬುಸ್ಸೆಂದು ಹೋದ ಗ್ಯಾಸೂ ಕಿಗಾಲಿ ಒಪ್ಪಂದವೂ

ಪ್ರಶ್ನೆ: ನಮ್ಮದು ಕಲಬುರಗಿ. ಬೇಸಿಗೆಗೆ ಮುಂಚೆ ಎಸಿ ಸರ್ವಿಸ್ ಮಾಡಿಸಿದೆ. ಬಂದ ಹುಡುಗ ಹೊರಗಿನ ಯೂನಿಟ್ಟಿನ ವಾಲ್ವ್ ಬಿಚ್ಚಿ, ಉಳಿದಿದ್ದ ಗ್ಯಾಸನ್ನೆಲ್ಲ ಬುಸ್ಸೆಂದು ಗಾಳಿಗೆ ಬಿಟ್ಟು ಹೊಸದು ತುಂಬಿದ. 'ಪ್ರತಿ ವರ್ಷ ತುಂಬಿಸಬೇಕು ಸರ್' ಅಂದ. ಅತ್ತ ದೇಶ ದೇಶಗಳು ಕೂತು ಹವಾಮಾನ ಒಪ್ಪಂದಕ್ಕೆ ಸಹಿ ಹಾಕುತ್ತವೆ. ಅದಕ್ಕೂ ನಮ್ಮ ಬಾಲ್ಕನಿಗೂ ಏನಾದರೂ ಸಂಬಂಧ ಇದೆಯಾ?

ಉತ್ತರ: ಇದೆ. ಚೆನ್ನಾಗಿ ನಡೆದಿರುವ ಒಂದು ಒಪ್ಪಂದ ಬಂದು ನಿಲ್ಲುವುದು ನೀವು ಹೇಳಿದ ಆ ವಾಲ್ವಿನ ಹತ್ತಿರವೇ.

ಮೊದಲು ಲೆಕ್ಕ ನೋಡಿ. ಹೊರಗಿನ ಯೂನಿಟ್ಟಿನ ಮೇಲೆ ಒಂದು ಲೇಬಲ್ ಇರುತ್ತದೆ. ಅದರಲ್ಲಿ ಆರ್-22, ಆರ್-410ಎ, ಆರ್-32 ಹೀಗೆ ಗ್ಯಾಸಿನ ಹೆಸರು, ಪಕ್ಕದಲ್ಲಿ ಅದರ ತೂಕ. ನಿಮ್ಮದು ಹಳೆಯ ಆರ್-22 ಅಂತ ಇಟ್ಟುಕೊಳ್ಳೋಣ. ನೂರು ವರ್ಷದ ಲೆಕ್ಕದಲ್ಲಿ ಇದು ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 1,800 ಪಟ್ಟು ಜಾಸ್ತಿ ಬಿಸಿ ಹಿಡಿದಿಡುತ್ತದೆ. ಒಂದು ಕೆ.ಜಿ. ಗಾಳಿಗೆ ಹೋದರೆ ಹೆಚ್ಚುಕಡಿಮೆ 780 ಲೀಟರ್ ಪೆಟ್ರೋಲ್ ಸುಟ್ಟ ಹಾಗೆ. ಲೀಟರಿಗೆ 45 ಕಿ.ಮೀ. ಕೊಡುವ ಸ್ಕೂಟರಿನಲ್ಲಿ 35 ಸಾವಿರ ಕಿ.ಮೀ. ಓಡಾಡಿದಷ್ಟು. ಎರಡು ನಿಮಿಷದ ಬುಸ್ಸಿಗೆ!

ಈಗ ಒಪ್ಪಂದದ ಕಥೆ. ಸ್ಪ್ರೇ ಡಬ್ಬಿ, ಫ್ರಿಜ್‌ಗಳಲ್ಲಿ ಬಳಸುತ್ತಿದ್ದ ಸಿಎಫ್‌ಸಿ ಅನಿಲ ಓಝೋನ್ ಪದರವನ್ನು ತಿನ್ನುತ್ತದೆ ಅಂತ 1974ರಲ್ಲಿ ಮೊಲಿನಾ ಮತ್ತು ರೋಲ್ಯಾಂಡ್ ಎಂಬ ಇಬ್ಬರು ವಿಜ್ಞಾನಿಗಳು ಬರೆದರು. ಕಂಪನಿಗಳು ಒಪ್ಪಲಿಲ್ಲ. ಆದರೆ ಅಮೆರಿಕದ ಜನ ಸ್ಪ್ರೇ ಡಬ್ಬಿ ಕೊಳ್ಳುವುದನ್ನೇ ಕಡಿಮೆ ಮಾಡಿದರು. ಅಲ್ಲಿನ ಸರ್ಕಾರ ಸ್ಪ್ರೇಗಳಲ್ಲಿ ಸಿಎಫ್‌ಸಿ ನಿಷೇಧಿಸಿದ್ದು ಆಮೇಲೆ, 1978ರಲ್ಲಿ. ಅಂಟಾರ್ಕ್ಟಿಕಾದ ಮೇಲಿನ ಓಝೋನ್ ರಂಧ್ರದ ಸುದ್ದಿ ಬಂದಿದ್ದು ಇನ್ನೂ ತಡವಾಗಿ, 1985ಕ್ಕೆ. ಎರಡೇ ವರ್ಷದಲ್ಲಿ ಈ ಅನಿಲಗಳನ್ನು ಇಳಿಸುವ ಮಾಂಟ್ರಿಯಲ್ ಒಪ್ಪಂದವಾಯಿತು. ಇವತ್ತು ಜಗತ್ತಿನ ಎಲ್ಲ ದೇಶಗಳೂ ಅದರಲ್ಲಿವೆ.

ಹವಾಮಾನ ಬದಲಾವಣೆ ತಡೆಯಲು ಆದ ಪ್ಯಾರಿಸ್ ಒಪ್ಪಂದದಲ್ಲಿ ಪ್ರತಿ ದೇಶ ತನ್ನ ಗುರಿಯನ್ನು ತಾನೇ ಬರೆದುಕೊಳ್ಳುತ್ತದೆ, ತಪ್ಪಿದರೆ ದಂಡ ಇಲ್ಲ. ಮಾಂಟ್ರಿಯಲ್‌ನಲ್ಲಿ ಹಾಗಲ್ಲ. ಯಾವ ಅನಿಲ ಯಾವ ವರ್ಷ ಎಷ್ಟು ಇಳಿಯಬೇಕು ಅಂತ ಪಟ್ಟಿ ಇದೆ. ಹೊರಗೆ ಉಳಿದ ದೇಶದ ಜೊತೆ ಆ ಅನಿಲಗಳ ವ್ಯಾಪಾರ ಮಾಡುವಂತಿಲ್ಲ. ಬಡ ದೇಶಗಳಿಗೆ ಹತ್ತು ವರ್ಷ ಹೆಚ್ಚು ಸಮಯ, ಜೊತೆಗೆ ಶ್ರೀಮಂತ ದೇಶಗಳು ತುಂಬುವ ನಿಧಿಯಿಂದ ದುಡ್ಡು. ಭಾರತ ಸೇರಿದ್ದು ಈ ನಿಧಿಯ ಮಾತು ಪಕ್ಕಾ ಆದ ಮೇಲೇ, 1992ರಲ್ಲಿ. ಸುಮ್ನೆ ಸಹಿ ಹಾಕಲಿಲ್ಲ. ಸರಿಯಾಗೇ ಮಾಡಿತು ಅಂತ ನನ್ನ ಅಭಿಪ್ರಾಯ.

ಒಂದು ಎಡವಟ್ಟೂ ಆಯಿತು. ಸಿಎಫ್‌ಸಿ ಬದಲಿಗೆ ಬಂದ ಎಚ್‌ಎಫ್‌ಸಿ ಓಝೋನ್‌ಗೆ ಏನೂ ಮಾಡುವುದಿಲ್ಲ, ಆದರೆ ಭೂಮಿಯನ್ನು ಬಿಸಿ ಮಾಡುತ್ತದೆ. ಆರ್-410ಎ, ಆರ್-32 ಇದೇ ಜಾತಿಯವು. ಹಾಗಾಗಿ 2016ರಲ್ಲಿ ರುವಾಂಡಾದ ಕಿಗಾಲಿಯಲ್ಲಿ ಮತ್ತೆ ಕೂತು ಇವನ್ನೂ ಪಟ್ಟಿಗೆ ಸೇರಿಸಿದರು. ಭಾರತ 2021ರಲ್ಲಿ ಒಪ್ಪಿತು. ನಮ್ಮ ಕಡಿತ ಶುರುವಾಗುವುದು 2032ಕ್ಕೆ, 2047ರ ಹೊತ್ತಿಗೆ ಶೇ 85ರಷ್ಟು ಇಳಿಯಬೇಕು.

ಈ ಪಟ್ಟಿ ಹಿಡಿತ ಇಡುವುದು ಮುಖ್ಯವಾಗಿ ತಯಾರಿಕೆ ಮತ್ತು ಆಮದಿನ ಮೇಲೆ. ಈಗಾಗಲೇ ನಿಮ್ಮ ಗೋಡೆಗೆ ನೇತುಬಿದ್ದಿರುವ ಯಂತ್ರದೊಳಗಿನ ಗ್ಯಾಸ್ ಕಾಯುವವರು ಇಬ್ಬರೇ, ನೀವು ಮತ್ತು ಮೆಕ್ಯಾನಿಕ್.

'ಪ್ರತಿ ವರ್ಷ ತುಂಬಿಸಬೇಕು' ಎಂಬ ಮಾತು ಸುಳ್ಳು. ಎಸಿಯ ಗ್ಯಾಸ್ ಪೆಟ್ರೋಲಿನ ಹಾಗೆ ಖರ್ಚಾಗುವುದಿಲ್ಲ, ಪೈಪಿನೊಳಗೇ ಸುತ್ತುತ್ತಿರುತ್ತದೆ. ಕಡಿಮೆಯಾಗಿದೆ ಅಂದರೆ ಎಲ್ಲೋ ಲೀಕ್ ಇದೆ. ಹೆಚ್ಚಾಗಿ ತಾಮ್ರದ ಪೈಪು ಯೂನಿಟ್ಟಿಗೆ ಸೇರುವ ನಟ್ಟಿನ ಹತ್ತಿರ. ಸೋಪಿನ ನೀರು ಹಚ್ಚಿದರೆ ಗುಳ್ಳೆ ಏಳುತ್ತದೆ. ಮೊದಲು ಲೀಕ್ ಹುಡುಕಿ ಮುಚ್ಚಿ, ಆಮೇಲೆ ತುಂಬಿ ಅಂತ ಗಟ್ಟಿಯಾಗಿ ಹೇಳಿ. ಉಳಿದ ಗ್ಯಾಸನ್ನು ಸಿಲಿಂಡರಿಗೆ ಎಳೆದುಕೊಳ್ಳುವ ರಿಕವರಿ ಯಂತ್ರ ಇದೆಯಾ ಅಂತ ಬುಕ್ ಮಾಡುವಾಗಲೇ ಕೇಳಿ. ಮನೆ ಬದಲಿಸುವಾಗ ಎಸಿ ಬಿಚ್ಚುವುದಾದರೆ 'ಪಂಪ್ ಡೌನ್ ಮಾಡಿ' ಅನ್ನಿ. ಹೊರಗಿನ ಯೂನಿಟ್ಟಿನಿಂದ ಗ್ಯಾಸ್ ಒಳಗೆ ಹೋಗುವ ವಾಲ್ವ್ ಮುಚ್ಚಿ ಕಂಪ್ರೆಸರ್ ಓಡಿಸಿದರೆ ಗ್ಯಾಸೆಲ್ಲ ಹೊರಗಿನ ಯೂನಿಟ್ಟಿಗೆ ಬಂದು ಕೂರುತ್ತದೆ, ಹನಿಯೂ ಹೋಗಬೇಕಿಲ್ಲ.

ಆ ಹುಡುಗನನ್ನೇ ಬೈದು ಮುಗಿಸಬೇಡಿ. ರಿಕವರಿ ಯಂತ್ರಕ್ಕೆ ದುಡ್ಡು ಬೇಕು, ಲೀಕ್ ಹುಡುಕಲು ಹೊತ್ತು ಬೇಕು. ನಾವು ಇನ್ನೂರು ರೂಪಾಯಿಗೆ ಚೌಕಾಸಿ ಮಾಡಿದರೆ ಅವನು ಎರಡನ್ನೂ ಬಿಡುತ್ತಾನೆ, ಅಲ್ವಾ?

ಎಸಿ ತೀರಾ ಹಳೆಯದಾಗಿದ್ದರೆ ಬದಲಿಸಬಹುದು. ಲೇಬಲ್ ನೋಡಿ ಆರ್-32 ಅಥವಾ ಆರ್-290 ಇರುವುದನ್ನು ಆರಿಸಿ. ಆರ್-32ರ ಬಿಸಿ ಹಿಡಿಯುವ ಶಕ್ತಿ ಆರ್-22ರ ಅರ್ಧಕ್ಕಿಂತ ಕಡಿಮೆ. ಆರ್-290 ಅಂದರೆ ಪ್ರೊಪೇನ್, ಅದರದ್ದು ಲೆಕ್ಕಕ್ಕೇ ಇಲ್ಲದಷ್ಟು ಅಲ್ಪ. ಆದರೆ ಬೆಂಕಿ ಹತ್ತುವ ಅನಿಲ. ಯಾರಾದರೂ ಅಗ್ಗ ಅಂತ ನಿಮ್ಮ ಹಳೆ ಯಂತ್ರಕ್ಕೆ ಅದನ್ನು ತುಂಬಲು ಬಂದರೆ ಬೇಡ ಅನ್ನಿ. ಹಳೆಯದನ್ನು ಗುಜರಿಗೂ ಕೊಡಬೇಡಿ. ತಾಮ್ರದ ಆಸೆಗೆ ಅವರು ಮೊದಲು ಮಾಡುವ ಕೆಲಸ ಪೈಪು ಕತ್ತರಿಸುವುದು.