ಕಬ್ಬು ಕಡಿದವರು ಕಳ್ಳರೇ?

ಮಂಡ್ಯದಲ್ಲಿ ಕಾನೂನು ಓದುತ್ತಿರುವ ಓದುಗರೊಬ್ಬರು ಎರಡು ಪ್ರಶ್ನೆ ಕಳುಹಿಸಿದ್ದಾರೆ. ಮೊದಲನೆಯದು: "ಅಕ್ಕನ ಹಳೆಯ ಟಿಪ್ಪಣಿಗಳನ್ನು ಇಟ್ಟುಕೊಂಡು ದಂಡ ಸಂಹಿತೆಯ ಕಲಂಗಳನ್ನೆಲ್ಲ ಬಾಯಿಪಾಠ ಮಾಡಿದ್ದೆ. ಈಗ ನ್ಯಾಯ ಸಂಹಿತೆ ಬಂದು ಎಲ್ಲವೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತೇ?" ಎರಡನೆಯದು: "ನಮ್ಮ ತಂದೆ ಬೆಳೆದ ಕಬ್ಬನ್ನು ದೊಡ್ಡಪ್ಪನವರು ಕಡಿಸಿ ಆಲೆಮನೆಗೆ ಸಾಗಿಸಿದರು. ಠಾಣೆಯಲ್ಲಿ 'ಇದು ಸಿವಿಲ್ ವ್ಯಾಜ್ಯ, ಕೋರ್ಟಿಗೆ ಹೋಗಿ' ಎಂದು ಕಳುಹಿಸಿಬಿಟ್ಟರು. ಇದು ಕಳ್ಳತನವಲ್ಲವೇ?"

ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ಅದು ಸಿಕ್ಕರೆ ಮೊದಲನೆಯದರ ಗಂಟು ತಾನಾಗಿ ಬಿಚ್ಚಿಕೊಳ್ಳುತ್ತದೆ.

ಗದ್ದೆಯಲ್ಲಿ ನಿಂತ ಕಬ್ಬು ಭೂಮಿಗೆ ಅಂಟಿಕೊಂಡದ್ದು. ನಿಂತಿರುವಷ್ಟು ಹೊತ್ತು ಅದನ್ನು ಯಾರೂ ಕದಿಯಲಾರರು, ಏಕೆಂದರೆ ಕಳ್ಳತನ ಆಗುವುದು ಚರ ಸ್ವತ್ತಿನ ಮೇಲೆ ಮಾತ್ರ. ಮಚ್ಚು ಬಿದ್ದು ಬುಡದಿಂದ ಬೇರ್ಪಟ್ಟ ಗಳಿಗೆಯಲ್ಲಿ ಕಬ್ಬು ಚರ ಸ್ವತ್ತಾಗುತ್ತದೆ. ಕಡಿಯುವುದೂ ಕದಲಿಸುವುದೂ ಒಂದೇ ಏಟಿನಲ್ಲಿ ಆದರೂ ಕಳ್ಳತನವಾಗಬಹುದೆಂದು ಕಲಮಿನ ವಿವರಣೆಯೇ ಹೇಳುತ್ತದೆ. 1860ರ ದಂಡ ಸಂಹಿತೆಯ 378ನೇ ಕಲಂ ಹೀಗೆ ಹೇಳಿತ್ತು, ಈಗಿನ ನ್ಯಾಯ ಸಂಹಿತೆಯ 303ನೇ ಕಲಮೂ ಇದನ್ನೇ ಹೇಳುತ್ತದೆ.

ಇನ್ನು ನೋಡಬೇಕಾದದ್ದು ಸ್ವಾಧೀನ. ಗಮನಿಸಿ, ಒಡೆತನ ಎಂದು ಕಾನೂನು ಹೇಳುವುದಿಲ್ಲ, ಸ್ವಾಧೀನ ಎನ್ನುತ್ತದೆ. ಒತ್ತೆ ಇಟ್ಟ ತನ್ನದೇ ಗಡಿಯಾರವನ್ನು ಸಾಲ ತೀರಿಸದೆ, ಒಪ್ಪಿಗೆಯಿಲ್ಲದೆ ಎತ್ತಿಕೊಂಡು ಹೋದವನೂ ಕಳ್ಳನೇ ಎಂಬ ಉದಾಹರಣೆ ಕಲಮಿನ ಕೆಳಗೇ ಇದೆ. ಆದ್ದರಿಂದ ಪಹಣಿ ಯಾರ ಹೆಸರಿನಲ್ಲಿದೆ ಎಂಬಲ್ಲಿಗೆ ಮಾತು ಮುಗಿಯುವುದಿಲ್ಲ. ಗೊಬ್ಬರ ಹಾಕಿದವರು ಯಾರು, ನಾಲೆ ನೀರು ಕಟ್ಟಿದವರು ಯಾರು, ಹಿಂದಿನ ಕಟಾವಿನ ತೂಕದ ಚೀಟಿ ಯಾರ ಕೈಯಲ್ಲಿದೆ ಎಂದೆಲ್ಲ ಕೇಳಬೇಕು.

ಕೊನೆಯದು ಮನಸ್ಸಿನ ಮಾತು. ಕಳ್ಳತನಕ್ಕೆ ಅಪ್ರಾಮಾಣಿಕ ಉದ್ದೇಶ ಬೇಕೇ ಬೇಕು. ಪಾಲಾಗದ ಜಮೀನು, ಈ ಸಲದ ಬೆಳೆ ತನಗೇ ಸೇರಬೇಕು ಎಂದು ನಿಮ್ಮ ದೊಡ್ಡಪ್ಪ ನಿಜವಾಗಿ ನಂಬಿ ಹಾಡುಹಗಲೇ ಕಡಿಸಿದ್ದರೆ, ಆ ನಂಬಿಕೆ ತಪ್ಪಾಗಿದ್ದರೂ ಅದು ಕಳ್ಳತನವಾಗುವುದು ಕಷ್ಟ. ಪಾಲು ಮುಗಿದು, ಪತ್ರವಾಗಿ, ಅದು ತನ್ನದಲ್ಲವೆಂದು ತಿಳಿದೂ ಕಡಿಸಿದ್ದರೆ ಲೆಕ್ಕವೇ ಬೇರೆ. ನಿಮ್ಮ ಪತ್ರದಲ್ಲಿ ಪಾಲಿನ ಸುದ್ದಿಯೇ ಇಲ್ಲ, ಇಡೀ ಪ್ರಶ್ನೆ ನಿಂತಿರುವುದು ಅದರ ಮೇಲೆ.

ಠಾಣೆಯವರ ಮಾತು ಹಾಗಾದರೆ ಸರಿಯೇ? ಸರಿಯಲ್ಲ. ಒಂದೇ ಘಟನೆ ಸಿವಿಲ್ ದಾವೆಯೂ ಆಗಬಹುದು, ಕ್ರಿಮಿನಲ್ ಪ್ರಕರಣವೂ ಆಗಬಹುದು. ಹೇಳಿದ ಸಂಗತಿಯಲ್ಲಿ ಸಂಜ್ಞೇಯ ಅಪರಾಧ, ಅಂದರೆ ವಾರಂಟ್ ಇಲ್ಲದೆ ಪೊಲೀಸರು ಬಂಧಿಸಬಹುದಾದ ಅಪರಾಧ, ಕಂಡುಬಂದರೆ ಪ್ರಥಮ ವರ್ತಮಾನ ವರದಿ (ಎಫ್‌ಐಆರ್) ದಾಖಲಿಸಲೇಬೇಕೆಂದು ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2013ರಲ್ಲೇ ಹೇಳಿದೆ. ಕ್ರಿಮಿನಲ್ ಪ್ರಕ್ರಿಯೆಯ ಹೊಸ ಕಾನೂನಾದ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಒಂದು ಸಡಿಲಿಕೆ ಕೊಟ್ಟಿದೆ: ಮೂರು ವರ್ಷದಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಡಿವೈಎಸ್ಪಿ ಅನುಮತಿ ಪಡೆದು 14 ದಿನಗಳೊಳಗೆ ಪ್ರಾಥಮಿಕ ವಿಚಾರಣೆ ಮಾಡಬಹುದು. ಬಾಯಿಮಾತಿನಲ್ಲಿ ಹಿಂದಕ್ಕೆ ಕಳುಹಿಸಲು ಮಾತ್ರ ಅಲ್ಲಿ ಅವಕಾಶವಿಲ್ಲ. ದಾಖಲಿಸಲು ಒಪ್ಪದಿದ್ದರೆ ದೂರನ್ನು ಬರಹದಲ್ಲಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳುಹಿಸಿ, ಆಮೇಲೆ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು. ಕದ್ದ ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದರೆ ಅದೇ ಸಂಹಿತೆಯ ಅನುಸೂಚಿಯಂತೆ ಅದು ಅಸಂಜ್ಞೇಯ, ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ತನಿಖೆಯಿಲ್ಲ. ಲೋಡುಗಟ್ಟಲೆ ಕಬ್ಬಿಗೆ ಆ ಮಾತು ಬರುವುದಿಲ್ಲ.

ಈಗ ನಿಮ್ಮ ಬಾಯಿಪಾಠದ ವಿಚಾರ. ಮೇಲಿನ ವಾದದಲ್ಲಿ ಸಂಖ್ಯೆ ಎಷ್ಟು ಕೆಲಸ ಮಾಡಿತು, ನೀವೇ ನೋಡಿ. 2024ರ ಜುಲೈ 1ರಿಂದ ಸಂಖ್ಯೆಗಳು ಬದಲಾದವು, ಕಳ್ಳತನದ ಎಲುಬುಗೂಡು ಬದಲಾಗಲಿಲ್ಲ. ಸಂಖ್ಯೆಯನ್ನೇ ನಂಬುವುದು ಅಪಾಯಕಾರಿ ಎಂಬುದಕ್ಕೆ 302 ಸಾಕು. ಹಳೆಯ ಸಂಹಿತೆಯಲ್ಲಿ ಅದು ಕೊಲೆಗೆ ಶಿಕ್ಷೆ. ಹೊಸದರಲ್ಲಿ ಕೊಲೆ 103ಕ್ಕೆ ಹೋಗಿದೆ, 302 ಎಂದರೆ ಧಾರ್ಮಿಕ ಭಾವನೆ ನೋಯಿಸುವ ಮಾತು. 420ನೇ ಕಲಂ ಅಂತೂ ಇಲ್ಲವೇ ಇಲ್ಲ, ಹೊಸ ಸಂಹಿತೆ 358ಕ್ಕೆ ಮುಗಿಯುತ್ತದೆ.

ಹಾಗೆಂದು ಅಕ್ಕನ ಟಿಪ್ಪಣಿಗಳನ್ನು ಎಸೆಯಬೇಡಿ. ಜುಲೈ 1ಕ್ಕೆ ಮೊದಲು ನಡೆದ ಅಪರಾಧಕ್ಕೆ ಇಂದಿಗೂ ಹಳೆಯ ಸಂಹಿತೆಯೇ ಅನ್ವಯ. ಕೃತ್ಯ ನಡೆದ ದಿನ ಜಾರಿಯಲ್ಲಿದ್ದ ಕಾನೂನನ್ನು ಮುರಿದಿದ್ದರೆ ಮಾತ್ರ ಶಿಕ್ಷೆ ಎಂದು ಸಂವಿಧಾನದ 20ನೇ ವಿಧಿ ಹೇಳುತ್ತದೆ. ನಿಮ್ಮ ಪೀಳಿಗೆಯ ವಕೀಲರು ಬಹುಕಾಲ ಎರಡನ್ನೂ ಮೇಜಿನ ಮೇಲಿಟ್ಟುಕೊಳ್ಳಬೇಕು.

ನಿಜವಾದ ಬದಲಾವಣೆಯನ್ನು ಪ್ರಕ್ರಿಯೆಯಲ್ಲಿ ಹುಡುಕಿ. ವರದಿಗಾರನಾಗಿದ್ದಾಗ ಕೋರ್ಟು ಹಾಲಿನ ಹಿಂದಿನ ಬೆಂಚಿನಲ್ಲಿ ಕುಳಿತು ಒಂದು ಕಳ್ಳತನದ ವಿಚಾರಣೆ ನೋಡಿದ್ದೆ. ಮಹಜರಿಗೆ ಸಹಿ ಹಾಕಿದ್ದ ವಯಸ್ಸಾದ ರೈತರೊಬ್ಬರು ಕಟಕಟೆಯಲ್ಲಿದ್ದರು. ಕಾಗದವನ್ನು ಕಣ್ಣಿಗೆ ಹತ್ತಿರ ಹಿಡಿದು, ಹೆಬ್ಬೆರಳಿನಿಂದ ತಮ್ಮ ಸಹಿಯನ್ನು ಸವರಿ, "ಸಹಿ ನನ್ನದೇ ಸ್ವಾಮಿ. ಠಾಣೆಯಲ್ಲಿ ಹಾಕಿದೆ. ಹೊಲಕ್ಕೆ ನಾನು ಹೋಗಲೇ ಇಲ್ಲ" ಎಂದರು. ಪ್ರಕರಣ ಅಲ್ಲಿಗೇ ಕುಸಿಯಿತು. ಸಂಜೆ ಬಸ್ಸಿನಲ್ಲಿ ಮನೆಗೆ ಬರುವಾಗಲೂ ಆ ಹೆಬ್ಬೆರಳು ಕಣ್ಣ ಮುಂದೆಯೇ ಇತ್ತು. ಈಗ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಪ್ರಕಾರ ಶೋಧನೆ ಮತ್ತು ಜಪ್ತಿಯನ್ನು, ಸಾಕ್ಷಿಗಳು ಸಹಿ ಹಾಕುವುದೂ ಸೇರಿದಂತೆ, ಮೊಬೈಲ್‌ನಂಥ ಸಾಧನದಲ್ಲಿ ಧ್ವನಿ ಮತ್ತು ದೃಶ್ಯಸಹಿತ ಚಿತ್ರೀಕರಿಸಿ ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳುಹಿಸಬೇಕು. ಆರೋಪಿಗೂ ಪಿರ್ಯಾದಿಗೂ ಇದು ದೊಡ್ಡ ಆಸರೆ.

ನಿಮ್ಮ ತಂದೆಯವರ ದೂರಿನ ಕರಡನ್ನು ನೀವೇ ಬರೆಯಿರಿ. ಯಾವ ದಿನ, ಎಷ್ಟು ಗುಂಟೆ, ಯಾರು ಕಡಿದರು, ಯಾವ ಆಲೆಮನೆ, ಪಾಲಿನ ಪತ್ರ ಎಲ್ಲಿದೆ ಎಂಬುದೆಲ್ಲ ಅದರಲ್ಲಿರಲಿ, ಕಲಮಿನ ಸಂಖ್ಯೆ ಇಲ್ಲದಿದ್ದರೂ ಕೊರತೆಯಿಲ್ಲ. ದಾಖಲಾದ ವರದಿಯ ಪ್ರತಿಯನ್ನು ಉಚಿತವಾಗಿ ಕೊಡಬೇಕು, ಕೇಳಿ ಪಡೆಯಿರಿ. ಕಡಿದ ಕೂಳೆ ಮತ್ತೆ ಚಿಗುರಿ ಗುರುತು ಮುಚ್ಚುವ ಮೊದಲು ಈ ಕೆಲಸ ಆಗಲಿ.

— ಸಂಪಾದಕ