ಎಣ್ಣೆ ಹಚ್ಚಿದ ಬೀಡಿನ ಕಾವಲಿ ಅಂಟಂಟಾಗಿದ್ದರೆ
ಹೊಸ ಬೀಡಿನ (ಎರಕದ ಕಬ್ಬಿಣದ) ಕಾವಲಿಗೆ ಎರಡು ದಿನ ಎಣ್ಣೆ ಹಚ್ಚಿ ಕಾಯಿಸಿದರೂ ಮೇಲ್ಮೈ ಅಂಟಂಟಾಗಿಯೇ ಉಳಿದು ದೋಸೆ ಏಳುತ್ತಿಲ್ಲ ಎಂದು ಬರೆದಿದ್ದೀರಿ. ಎಣ್ಣೆ ಹೆಚ್ಚಾಗಿ, ಕಾವು ಸಾಲದೆ ಹೋದದ್ದೇ ಇದಕ್ಕೆ ಬಹುತೇಕ ಕಾರಣ. ತೆಳುವಾದ ಎಣ್ಣೆ ಸಾಕಷ್ಟು ಕಾದಾಗ ಗಟ್ಟಿ ಪದರವಾಗಿ ಕಬ್ಬಿಣಕ್ಕೆ ಕಚ್ಚಿಕೊಳ್ಳುತ್ತದೆ, ದಪ್ಪಗೆ ಹಚ್ಚಿದ್ದು ಅರ್ಧಂಬರ್ಧ ಗಟ್ಟಿಯಾಗಿ ಗೋಂದಿನಂತೆ ನಿಲ್ಲುತ್ತದೆ. ನಮ್ಮ ಮನೆಯ ಕಾವಲಿಯೂ ಹೀಗೆಯೇ ಆಗಿತ್ತು.

ಮೊದಲು ಕಾವಲಿಯನ್ನು ಸ್ವಲ್ಪ ಬೆಚ್ಚಗೆ ಮಾಡಿ, ಕಲ್ಲುಪ್ಪು ಉದುರಿಸಿ, ತೆಂಗಿನ ನಾರಿನಿಂದ ಅಂಟು ಹೋಗುವವರೆಗೆ ಉಜ್ಜಿ, ಪಾತ್ರೆ ತೊಳೆಯುವ ಸಾಬೂನಿನಿಂದ ತೊಳೆಯಿರಿ; ಈ ಹಂತದಲ್ಲಿ ಸಾಬೂನಿಗೆ ಹೆದರಬೇಕಾಗಿಲ್ಲ. ಕೂಡಲೇ ಒರೆಸಿ, ನೀರಿನ ಪಸೆ ಪೂರ್ತಿ ಆರುವವರೆಗೆ ಸಣ್ಣ ಉರಿಯಲ್ಲಿಡಿ. ಬಳಿಕ ಅರ್ಧ ಚಮಚ ಸೂರ್ಯಕಾಂತಿ ಎಣ್ಣೆಯನ್ನು ಎಲ್ಲೆಡೆ ಸವರಿ, ಕಣ್ಣಿಗೆ ಎಣ್ಣೆಯೇ ಕಾಣದಂತೆ ಒಣಗಿದ ಹತ್ತಿಬಟ್ಟೆಯಿಂದ ಒತ್ತಿ ಒರೆಸಿ ತೆಗೆಯಿರಿ. ಇಡೀ ಕೆಲಸ ನಿಂತಿರುವುದು ಈ ಒರೆಸುವಿಕೆಯ ಮೇಲೆ, ಆದ್ದರಿಂದ ಇಲ್ಲಿ ಅವಸರ ಮಾಡಬೇಡಿ. ಕಿಟಕಿ ತೆರೆದಿಟ್ಟು, ಉರಿಯನ್ನು ನಿಧಾನವಾಗಿ ಏರಿಸಿ, ಅಂಚುಗಳಿಗೂ ಕಾವು ತಾಗುವಂತೆ ಕಾವಲಿಯನ್ನು ಆಗಾಗ ಸರಿಸುತ್ತ, ಹೊಗೆ ಎದ್ದು ಅಡಗುವವರೆಗೆ ಕಾಯಿಸಿ. ಅನಂತರ ತಾನಾಗಿ ಆರಲು ಬಿಡಿ. ಬಿಸಿ ಬೀಡಿನ ಮೇಲೆ ತಣ್ಣೀರು ಬಿದ್ದರೆ ಅದು ಸೀಳಬಹುದು.

ಹೀಗೆ ಎಣ್ಣೆ ಸವರಿ ಕಾಯಿಸುವುದನ್ನು 3-4 ಬಾರಿ ಮಾಡಿ. ಕಾವಲಿಯನ್ನು ನೋಡದೆ ನಿಖರವಾಗಿ ಎಷ್ಟು ಸುತ್ತು ಬೇಕೆಂದು ಹೇಳಲಾಗದು, ಆದರೆ ಆರಿದ ಮೇಲೆ ಬೆರಳಿಗೆ ಅಂಟದೆ ನುಣುಪಾಗಿ ಕಪ್ಪಾಗಿದ್ದರೆ ಸಾಕು. ಮೊದಲ ದೋಸೆಗೆ ಮುನ್ನ ಅರ್ಧ ಹೋಳು ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಬಿಸಿ ಕಾವಲಿಗೆ ಚೆನ್ನಾಗಿ ಉಜ್ಜಿರಿ.